ನೈಲ್ ಕಟ್ಟರ್ ಇಟ್ಟುಕೊಂಡಿದ್ದ ಮಾಸ್ಟ್ರು

ಹೊಸಂಗಡಿಯಲ್ಲಿ ಬಸ್ಸಿನಿಂದ ಇಳಿಯುವಾಗ ಎದುರಿನ ಕರೆಂಟ್ ಕಂಬದಲ್ಲಿ ಅವರೇ ಇದ್ದರು. ಆಳೆತ್ತರದ ಫ್ಲೆಕ್ಸು. ಬಿಳಿ ಟೀ ಶರಟು, ಕೊರಳಲ್ಲಿ ಸೀಟಿ, ಇಡೀ ಶಾಲೆಯನ್ನೇ ಕ್ಷಮಿಸಿಬಿಟ್ಟಂಥ ನಗು. ಕೆಳಗೆ ಕೆಂಪಕ್ಷರದಲ್ಲಿ 'ಶಿಸ್ತಿನ ಶಿಖರ ಕಳಚಿತು' ಎಂದು ಬರೆಸಿದ್ದರು. ನನಗೆ ಅಳು ಬರಲಿಲ್ಲ, ನಗು ಬಂತು. ಪಕ್ಕದಲ್ಲಿ ಮಲ್ಲಿಗೆ ಮಾರುತ್ತಿದ್ದ ಹೆಂಗಸು, "ಪಾಪ, ಒಳ್ಳೆ ಮಾಸ್ಟ್ರು ಅಲ್ವಾ ಟೀಚರ್?" ಎಂದಳು.

"ಹೌದು, ಗೆರೆ ಚಂದ ಎಳೀತಿದ್ರು" ಎಂದೆ.

ಅದು ಸುಳ್ಳಲ್ಲ. ಹಗ್ಗ ಹಿಡಿಯದೆ, ಬರೀ ಕಣ್ಣಳತೆಯಲ್ಲಿ ಅವರು ಸುಣ್ಣದ ಹುಡಿಯಿಂದ ಎಳೆದ ಗೆರೆ ಮೈದಾನದ ಈ ತುದಿಯಿಂದ ಆ ತುದಿಗೆ ಒಂದಿಂಚೂ ಓರೆಯಾಗುತ್ತಿರಲಿಲ್ಲ. ಅವರ ಬಗ್ಗೆ ನನಗಿರುವ ಒಳ್ಳೆಯ ಅಭಿಪ್ರಾಯ ಇಷ್ಟೇ. ಅದನ್ನು ಮೊದಲೇ ಹೇಳಿ ಮುಗಿಸಿದರೆ ಮುಂದಿನದಕ್ಕೆ ಯಾರೂ ನನ್ನನ್ನು ಪಕ್ಷಪಾತಿ ಎನ್ನುವಂತಿಲ್ಲ. ಹೊಗಳುವವರು ಊರಲ್ಲಿ ಬೇಕಾದಷ್ಟು ಇದ್ದಾರೆ, ಆ ಕೆಲಸಕ್ಕೆ ನಾನು ಬೇಡ.

ಕಾಸರಗೋಡು ಜಿಲ್ಲೆಯ ಮಂಗಲ್ಪಾಡಿಯ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಅವರು ಡ್ರಿಲ್ ಮಾಸ್ಟ್ರು. ನಾನು ಸಮಾಜ ಪಾಠ ಮಾಡಲು ಅಲ್ಲಿಗೆ ಸೇರುವ ಹೊತ್ತಿಗೆ ಅವರು ಶಿಸ್ತು ಸಮಿತಿಯ ಸಂಚಾಲಕರೂ ಆಗಿದ್ದರು. ಶಾಲೆಯ ಮ್ಯಾನೇಜರರ ತಂಗಿಯನ್ನು ಮದುವೆಯಾದವರು ಎಂಬುದು ಅವರ ಮೂರನೆಯ ಹುದ್ದೆ, ಉಳಿದೆರಡಕ್ಕಿಂತ ದೊಡ್ಡದು. ಅವರ ಬೂಟು ಸದಾ ಬೆಳ್ಳಗೆ ಇರುತ್ತಿತ್ತು, ಯಾಕೆಂದರೆ ಗೆರೆ ಎಳೆದಾದ ಮೇಲೆ ಅವರು ಮೈದಾನಕ್ಕೆ ಇಳಿಯುತ್ತಿದ್ದದ್ದು ಕಡಿಮೆ. ಹಲಸಿನ ಮರದಡಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ಅಲ್ಲಿಂದಲೇ ಶಾಲೆಯನ್ನು ತಿದ್ದುತ್ತಿದ್ದರು. ಜೇಬಿನಲ್ಲಿ ಯಾವಾಗಲೂ ಒಂದು ನೈಲ್ ಕಟ್ಟರ್. ಬೆಳಗ್ಗಿನ ಅಸೆಂಬ್ಲಿಯಲ್ಲಿ ಮಕ್ಕಳ ಕೈ ಚಾಚಿಸಿ ಉಗುರು ನೋಡುವುದು ಅವರ ನಿತ್ಯದ ಪೂಜೆ. ಉಗುರು ಇದ್ದವರು ಅಲ್ಲೇ ಎಲ್ಲರೆದುರು ಕತ್ತರಿಸಿಕೊಳ್ಳಬೇಕು. "ಉಗುರಿನಲ್ಲಿ ಶಿಸ್ತು ಇಲ್ಲದವನಿಗೆ ಬದುಕಿನಲ್ಲಿ ಎಂತ ಶಿಸ್ತು?" ಎಂದು ಮೈಕಿನಲ್ಲಿ ಹೇಳುತ್ತಿದ್ದರು.

ಆಟದಲ್ಲಿ ಚುರುಕಿದ್ದ ಮಕ್ಕಳ ಕೈಯನ್ನು ಮಾತ್ರ ಅವರು ನೋಡುತ್ತಿರಲಿಲ್ಲ.

ಅವರ ಶಿಸ್ತಿಗೆ ಎರಡು ಅಂಗಡಿ ಇದ್ದವು ಎನ್ನಬೇಕು. ಸಾಮಾನ್ಯ ಮಕ್ಕಳಿಗೆ ಒಂದು, ಮೆಡಲು ತರುವವರಿಗೆ ಒಂದು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಕೂದಲು ಸ್ವಲ್ಪ ಉದ್ದ ಬಿಟ್ಟದ್ದಕ್ಕೆ ಕ್ರಾಫ್ಟ್ ಕೋಣೆಯ ಕತ್ತರಿ ತಂದು ನಡುನೆತ್ತಿಯಲ್ಲಿ ಒಂದು ಹಿಡಿ ಕತ್ತರಿಸಿ ಮನೆಗೆ ಕಳಿಸಿದರು. ಅದೇ ವಾರ ನಮ್ಮ ನೂರು ಮೀಟರಿನ ಓಟಗಾರ ಕೋಳಿಜುಟ್ಟಿಗೆ ಕೆಂಪು ಬಣ್ಣ ಹಾಕಿಸಿಕೊಂಡು ಬಂದ. ನಾನು ತೋರಿಸಿದರೆ, "ಅದು ಸ್ಪೀಡಿನ ಬಣ್ಣ ಟೀಚರೇ, ನಿಮಗೆ ಅರ್ಥ ಆಗ್ಲಿಕ್ಕಿಲ್ಲ" ಎಂದು ನಕ್ಕರು. ಒಳ್ಳೆಯ ಆಟಗಾರರು ಮೈದಾನದಲ್ಲಿ ಯಾರಿಗಾದರೂ ಬೈದರೆ, ಉಗಿದರೆ, ತಳ್ಳಿದರೆ ಅವರಿಗೂ ಶಿಕ್ಷೆ ಇತ್ತು, ಇರಲಿಲ್ಲ ಎನ್ನಲಾರೆ. ಮೈದಾನಕ್ಕೆ ಎರಡು ಸುತ್ತು ಓಡುವುದು. ಅವರೆಲ್ಲ ಪ್ರತಿದಿನ ಬೆಳಗ್ಗೆ ಆರು ಸುತ್ತು ಓಡುತ್ತಿದ್ದವರು. ಶಿಸ್ತು ಸಮಿತಿಯ ಪುಸ್ತಕದಲ್ಲಿ ಮಾತ್ರ 'ಕಠಿಣ ದೈಹಿಕ ಶಿಕ್ಷೆ ನೀಡಲಾಯಿತು' ಎಂದು ಅವರದೇ ದುಂಡು ಅಕ್ಷರದಲ್ಲಿ ಬರೆದಿರುತ್ತಿತ್ತು.

ಒಮ್ಮೆ ಗುಂಡೆಸೆತದ ಹುಡುಗನೊಬ್ಬ ತನ್ನ ಎಸೆತ ಫೌಲ್ ಎಂದ ತೀರ್ಪುಗಾರರಿಗೆ ತುಳುವಿನಲ್ಲಿ ಬೈದ. ಅವರ ತಾಯಿಯನ್ನು, ತಾಯಿಯ ತಾಯಿಯನ್ನು ಸೇರಿಸಿ ಬೈದ. ಆ ತೀರ್ಪುಗಾರರು ತಿರುವನಂತಪುರದ ಕಡೆಯವರು, ತುಳು ಎಂಬ ಭಾಷೆಯೊಂದು ಇದೆ ಎಂಬುದೇ ಅವರಿಗೆ ಹೊಸತು. ಹುಡುಗ ಏನು ಹೇಳಿದ್ದು ಎಂದು ಮಲಯಾಳದಲ್ಲಿ ವಿಚಾರಿಸಿದರು. ನಮ್ಮ ಮಾಸ್ಟ್ರು ಕೈ ಮುಗಿದು, ಹುಡುಗ ತನ್ನದೇ ತಪ್ಪು, ಕ್ಷಮಿಸಬೇಕು ಅಂತಿದ್ದಾನೆ ಎಂದು ಅಷ್ಟೇ ಸುಲಲಿತ ಮಲಯಾಳದಲ್ಲಿ ಹೇಳಿದರು. ಆ ಮುಗ್ಧ ಮನುಷ್ಯ ಹುಡುಗನ ಬೆನ್ನು ತಟ್ಟಿ ಇನ್ನೊಂದು ಎಸೆತ ಕೊಟ್ಟರು. ಈ ಕಥೆಯನ್ನು ಮಾಸ್ಟ್ರು ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಹೇಳಿದ್ದಾರೆ, ನಾವು ವರ್ಷಗಟ್ಟಲೆ ನಕ್ಕಿದ್ದೇವೆ. ಆ ಹುಡುಗ ಮುಂದೆ ಕ್ಲಾಸಿನಲ್ಲಿ ನಮಗೇ ಬೈಯಲು ಶುರುಮಾಡಿದಾಗ ಭಾಷಾಂತರ ಬೇಕಾಗಲಿಲ್ಲ.

ಇನ್ನು ಕಬಡ್ಡಿಯ ವಿಷಯಕ್ಕೆ ಬರುತ್ತೇನೆ. ನಾನು ಅವರನ್ನು ಸರಿಯಾಗಿ ಕಂಡದ್ದು ಅಲ್ಲಿ.

ಕಬಡ್ಡಿಯಲ್ಲಿ ಒಂದು ಮರ್ಯಾದೆ ಇದೆ. ರೈಡಿಗೆ ಬಂದವಳ ಬೆರಳು ಮೈಗೆ ತಾಗಿದರೆ, ಅಂಪೈರ್ ಕಾಣದಿದ್ದರೂ, ತಾಗಿಸಿಕೊಂಡವಳು ತಾನೇ ಕೈ ಎತ್ತಿ ಗೆರೆಯ ಹೊರಗೆ ನಡೆಯಬೇಕು. ನಮ್ಮ ಕಡೆ ಮದುವೆಯಾಗಿ ಹೊಟ್ಟೆ ಬಂದ ಗಂಡಸರೂ ಸಂಜೆ ಗದ್ದೆಯಲ್ಲಿ ಆಡುವಾಗ ಈ ಕ್ರಮ ತಪ್ಪುವುದಿಲ್ಲ. ಮಾಸ್ಟ್ರು ನಮ್ಮ ಹುಡುಗಿಯರಿಗೆ ಕಲಿಸಿದ್ದು ಬೇರೆ. "ಅಂಪೈರ್ ಕಾಣದ್ದು ಆಗಲೇ ಇಲ್ಲ. ಕೈ ಎತ್ತಿದವಳು ನನ್ನ ಟೀಮಿನಲ್ಲಿ ಬೇಡ."

ಈ ಪಾಠವನ್ನು ಚೆನ್ನಾಗಿ ಕಲಿತವಳು ರಕ್ಷಿತಾ. ಅವಳ ಆಟವನ್ನು ನಾನು ಹೊಗಳಲೇಬೇಕು, ಹಾವಿನಂತೆ ನುಸುಳುತ್ತಿದ್ದಳು. ಜೊತೆಗೆ ಎದುರಾಳಿಯ ಜಡೆ ಎಳೆಯುವುದು, ಬಿದ್ದವಳ ಕೈ ಮೆಟ್ಟುವುದು, ಎಲ್ಲವೂ ಇತ್ತು. ಕಲಿಯದೆ ಹೋದವಳು ಅಶ್ವಿನಿ. ಬೀಡಿ ಕಟ್ಟುವ ಹೆಂಗಸಿನ ಮಗಳು, ಮಾತು ಕಡಿಮೆ, ಕಾಲು ಹಿಡಿದರೆ ಬಿಡದ ಹುಡುಗಿ. ಒಂದು ಸ್ನೇಹಪಂದ್ಯದಲ್ಲಿ ಯಾರೂ ಕಾಣದ ಒಂದು ತಾಗುವಿಕೆಗೆ ಅವಳು ಕೈ ಎತ್ತಿ ಹೊರಗೆ ಬಂದಳು, ನಾವು ಒಂದು ಪಾಯಿಂಟಿನಿಂದ ಸೋತೆವು. ಮಾಸ್ಟ್ರು ಅವಳನ್ನು ಆ ದಿನವೇ ರಿಸರ್ವಿಗೆ ಹಾಕಿದರು. ನಂತರದ ಇಡೀ ವರ್ಷ ಅವಳ ಕೆಲಸ ನೀರಿನ ಬಾಟಲಿ ಹಿಡಿದುಕೊಳ್ಳುವುದು. ಆದರೂ ಒಂದು ದಿನ ಅಭ್ಯಾಸ ತಪ್ಪಿಸಲಿಲ್ಲ. ಹತ್ತನೆಯಲ್ಲಿ ಒಂದು ಪಂದ್ಯವಾದರೂ ಆಡಬೇಕೆಂದು ಅವಳಿಗೆ ಆಸೆ. ಅದನ್ನು ನನ್ನ ಬಳಿ ಒಮ್ಮೆ ಹೇಳಿದ್ದಳು, ಅದೂ ನಾಚಿಕೊಂಡು.

ಹುಡುಗಿಯರ ತಂಡದ ಜೊತೆ ಒಬ್ಬ ಲೇಡಿ ಟೀಚರ್ ಹೋಗಬೇಕೆಂಬ ನಿಯಮದ ಪ್ರಕಾರ ಆ ವರ್ಷ ಉಪಜಿಲ್ಲಾ ಕೂಟಕ್ಕೆ ಎಸ್ಕಾರ್ಟ್ ಆಗಿ ಹೋದದ್ದು ನಾನು. ಎಲ್ಲರಿಗಿಂತ ಕಿರಿಯಳು, ಇಂಥ ಕೆಲಸ ತಲೆಗೆ ಬೀಳುವುದು ಕಿರಿಯರಿಗೇ. ನನ್ನ ಅಪ್ರೂವಲ್ ಕೂಡ ಆಗಿರಲಿಲ್ಲ. ನಮ್ಮಂಥ ಅನುದಾನಿತ ಶಾಲೆಗಳಲ್ಲಿ ಮ್ಯಾನೇಜರು ನೇಮಿಸಿದ ಮೇಲೆ ಸರಕಾರ ಅದನ್ನು ಒಪ್ಪಬೇಕು, ಒಪ್ಪುವವರೆಗೆ ಟೀಚರ್ ಎಂದರೆ ಅರ್ಧ ಟೀಚರ್. ನನ್ನ ಕಾಗದ ಮೂರು ವರ್ಷದಿಂದ ಮ್ಯಾನೇಜರರ ಮೇಜಿನಿಂದ ಆಫೀಸಿಗೆ, ಆಫೀಸಿನಿಂದ ಮೇಜಿಗೆ ತಿರುಗುತ್ತಿತ್ತು.

ಬೆಳಗ್ಗೆ ಸೆಮಿಫೈನಲ್, ಮಧ್ಯಾಹ್ನದ ಮೇಲೆ ಫೈನಲ್. ಕಾಸರಗೋಡಿನ ಹತ್ತಿರದ ಒಂದು ಶಾಲೆಯ ಮಣ್ಣಿನ ಅಂಕಣ. ಮಾಸ್ಟ್ರು ಆಚೆ ಬದಿಯಲ್ಲಿ ಸ್ಕೋರ್ ಬರೆಯುವವರ ಹತ್ತಿರ ಕುರ್ಚಿ ಹಿಡಿದಿದ್ದರು. ನಾನು ಈಚೆ ಬದಿಯಲ್ಲಿ, ಗೆರೆಯಿಂದ ನಾಲ್ಕು ಹೆಜ್ಜೆಗೆ, ಹುಡುಗಿಯರ ಬ್ಯಾಗುಗಳ ಮಧ್ಯೆ ಕುಳಿತಿದ್ದೆ. ಆಟಕ್ಕೆ ಮೊದಲು ಅಂಪೈರ್ ಎಲ್ಲರ ಉಗುರು ನೋಡಿದರು. ಕೊನೆಯ ಐದು ನಿಮಿಷ ಇರುವಾಗ ನಮ್ಮ ಹುಡುಗಿಯೊಬ್ಬಳ ಕಾಲು ಉಳುಕಿತು. ರಿಸರ್ವಿನಲ್ಲಿ ಬೇರೆ ಯಾರೂ ಇರಲಿಲ್ಲ. ಮಾಸ್ಟ್ರು ಮುಖ ಹುಳಿ ಮಾಡಿಕೊಂಡು ಅಶ್ವಿನಿಗೆ ಕೈಸನ್ನೆ ಮಾಡಿದರು. ಅವಳು ನೀರಿನ ಬಾಟಲಿಯನ್ನು ನನ್ನ ಮಡಿಲಿಗೆ ಹಾಕಿ ಓಡಿದಳು. ಅಂಪೈರ್ ಅವಸರದಲ್ಲಿ ಅವಳ ಬೆರಳುಗಳ ಮೇಲೆ ಒಮ್ಮೆ ಕಣ್ಣಾಡಿಸಿ ಒಳಗೆ ಬಿಟ್ಟರು.

ಕೊನೆಯ ರೈಡು. ಎದುರು ಶಾಲೆಯ ದೊಡ್ಡ ಆಟಗಾರ್ತಿ ಬಂದಳು, ನಮಗೆ ಒಂದೇ ಪಾಯಿಂಟು ಬೇಕು. ಅಶ್ವಿನಿ ಮೂಲೆಯಿಂದ ನೆಲಕ್ಕೆ ಹಾರಿ ಅವಳ ಕಾಲಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದಳು. ಉಳಿದವರು ಮೇಲೆ ಬಿದ್ದರು. ಎಲ್ಲವೂ ನನ್ನ ಎದುರಿಗೇ ಆಯಿತು. ಅಶ್ವಿನಿಯ ಮುಖ ನನ್ನ ಕಡೆಗಿತ್ತು, ಕೆನ್ನೆಗೆ ಮಣ್ಣು, ಹಲ್ಲು ಕಚ್ಚಿ ಹಿಡಿದಿದ್ದಳು. ಅವಳ ಬೆನ್ನ ಮೇಲಿನಿಂದ ರಕ್ಷಿತಾಳ ಕೈ ಹೋಗಿ ಆ ರೈಡರ್ ಹುಡುಗಿಯ ಮುಖವನ್ನು ಕಣ್ಣಿನಿಂದ ಗಲ್ಲದವರೆಗೆ ಗೀರಿತು. ಆಟದ ಅವಸರದಲ್ಲಿ ಆದದ್ದಲ್ಲ, ಜಾಗ ನೋಡಿ ಗೀರಿದ್ದು. ಅಂಪೈರ್ ಸೀಟಿ ಊದಿದರು, ನಾವು ಗೆದ್ದೆವು. ರೈಡರ್ ಎದ್ದು ನಿಂತಾಗ ಅವಳ ಕಣ್ಣಿನ ಕೆಳಗೆ ರಕ್ತ ಇಳಿಯುತ್ತಿತ್ತು.

ಎದುರು ಶಾಲೆಯವರು ಬರೆದು ದೂರು ಕೊಟ್ಟರು. ಅಂಪೈರ್ ಇಬ್ಬರೂ ಕಂಡಿರಲಿಲ್ಲ, ಗೀರಿಸಿಕೊಂಡವಳಿಗೂ ಯಾರೆಂದು ಗೊತ್ತಿಲ್ಲ. ಕೂಟದ ಸಮಿತಿಯವರು ನಮಗೇ ಹೇಳಿದರು, ಮಾಡಿದವಳು ಯಾರೆಂದು ನೀವೇ ಪತ್ತೆ ಮಾಡಿ ಊಟದ ಹೊತ್ತಿಗೆ ಬರೆದು ಕೊಡಿ, ಅವಳನ್ನು ಹೊರಗಿಡಿ, ಇಲ್ಲವಾದರೆ ಫೈನಲ್ ಇಲ್ಲ.

ಆಗ ನಮ್ಮ ಶಿಸ್ತಿನ ಶಿಖರ ಎಂತ ಮಾಡಿದರು? ನೀರಿನ ಟ್ಯಾಂಕಿಯ ಹಿಂದೆ ರಕ್ಷಿತಾಳನ್ನು ಕರೆದು, ಬೆಳಗ್ಗೆ ಅಂಪೈರರ ಕಣ್ಣು ತಪ್ಪಿಸಿದ್ದ ಅವಳ ಕಿರುಬೆರಳಿನ ಉಗುರು ಕತ್ತರಿಸಿದರು. ನಾನು ಬಾಟಲಿಗೆ ನೀರು ತುಂಬಲು ಹೋದವಳು ಕಂಡೆ. ಆ ನೈಲ್ ಕಟ್ಟರ್ ಅವಳ ಕೈಗೆ ತಾಗಿದ್ದು ಅದೇ ಮೊದಲ ಸಲ ಇರಬೇಕು. ಅಲ್ಲಿಂದ ನೇರ ಬಂದು ಎಲ್ಲ ಹುಡುಗಿಯರನ್ನೂ ಸಾಲಾಗಿ ನಿಲ್ಲಿಸಿ, ಸಮಿತಿಯವರ ಎದುರು ಒಬ್ಬೊಬ್ಬರ ಕೈ ನೋಡಿದರು. ಅಶ್ವಿನಿಯ ಬಲಗೈಯ ಹೆಬ್ಬೆರಳಿನ ಉಗುರು ಉದ್ದ ಇತ್ತು. ಬೀಡಿಯ ತುದಿಯ ಎಲೆಯನ್ನು ಒಳಗೆ ಮಡಚಿ ಒತ್ತಲು ಆ ಉಗುರು ಬೇಕು, ಬೀಡಿ ಕಟ್ಟುವ ಮನೆಯ ಎಲ್ಲ ಹೆಂಗಸರಿಗೂ ಅದು ಇರುತ್ತದೆ. ರಿಸರ್ವಾದರೂ ಟೀಮಿನವಳೆಂದು ಅಸೆಂಬ್ಲಿಯಲ್ಲಿ ಅವಳ ಕೈ ನೋಡುತ್ತಿರಲಿಲ್ಲ, ಆಡಲು ಇದೆ ಎಂದು ಗೊತ್ತಿದ್ದರೆ ಅವಳೇ ಕತ್ತರಿಸಿ ಬರುತ್ತಿದ್ದಳು. 'ನೀನು ನೀರು ಕೊಡ್ಲಿಕ್ಕೆ ಬಾ ಸಾಕು' ಎಂದು ಹಿಂದಿನ ದಿನ ಹೇಳಿದವರು ಇದೇ ಮಾಸ್ಟ್ರು.

ಅವಳ ಹೆಬ್ಬೆರಳನ್ನು ಎತ್ತಿ ಹಿಡಿದು ಸಮಿತಿಯವರಿಗೆ ತೋರಿಸಿದರು. "ನೋಡಿ, ಸಿಕ್ಕಿತು."

"ಸರ್, ನಾನು ಕಾಲು ಹಿಡಿದದ್ದು" ಎಂದಳು ಅಶ್ವಿನಿ.

"ಹಿಡಿದಿರ್ಬಹುದು. ಬಿಡುವಾಗ ತಾಗಿರ್ಬಹುದು." ಧ್ವನಿ ಮೆತ್ತಗೆ ಮಾಡಿಕೊಂಡರು. "ನೋಡು ಮಗಾ, ನೀನು ಪ್ರಾಮಾಣಿಕ ಹುಡುಗಿ ಅಂತ ನನಗೆ ಗೊತ್ತುಂಟು. ತಪ್ಪು ಆದ್ರೆ ಒಪ್ಪುವವಳೇ ನಿಜವಾದ ಆಟಗಾರ್ತಿ. ಕೈ ಎತ್ತು, ಮುಗೀತದೆ."

ಇಷ್ಟು ನಾಚಿಕೆಗೆಟ್ಟ ಮಾತನ್ನು ನಾನು ಬದುಕಿನಲ್ಲಿ ಬೇರೆ ಕೇಳಿಲ್ಲ. ಕೈ ಎತ್ತಿದ್ದಕ್ಕೇ ವರ್ಷವಿಡೀ ಹೊರಗೆ ಕೂರಿಸಿದ ಮನುಷ್ಯ ಈಗ ಅದೇ ಮರ್ಯಾದೆಯನ್ನು ತೋರಿಸಿ ಅವಳನ್ನು ಕರೆಯುತ್ತಿದ್ದಾರೆ.

ಅಶ್ವಿನಿ ಅಳಲಿಲ್ಲ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಔಟಾದ್ರೆ ಎತ್ತುತ್ತಿದ್ದೆ ಸರ್. ನಾನು ಔಟಾಗ್ಲಿಲ್ಲ."

ಮಾಸ್ಟ್ರು ನೈಲ್ ಕಟ್ಟರನ್ನು ಅವಳ ಕೈಗೆ ಕೊಟ್ಟು, ಆ ಉಗುರು ಕತ್ತರಿಸುವವರೆಗೆ ಎದುರಿಗೇ ನಿಂತರು. ಅನಂತರ ಬ್ಯಾಗಿನಿಂದ ಬಿಳಿ ಹಾಳೆ ತೆಗೆದು ಬರೆಯಲು ಕುಳಿತರು. ಬರೆದಾದ ಮೇಲೆ ನನ್ನ ಬಳಿ ಬಂದರು.

"ಟೀಚರೇ, ಇಲ್ಲಿ ನಿಮ್ಮ ಒಂದು ಸೈನ್ ಬೇಕು."

ಓದಿದೆ. 'ಎಸ್ಕಾರ್ಟ್ ಟೀಚರರು ಹತ್ತಿರದಿಂದ ನೋಡಿದ ಪ್ರಕಾರ' ಎಂದಿತ್ತು.

"ಸರ್, ನಾನು ಕಂಡದ್ದು ರಕ್ಷಿತಾ ಗೀರಿದ್ದನ್ನು."

"ಕಬಡ್ಡಿ ನಿಮಗೆ ಎಷ್ಟು ಗೊತ್ತುಂಟು?" ಅವರು ಸೀಟಿಯ ದಾರ ಬೆರಳಿಗೆ ಸುತ್ತಿದರು. "ರಕ್ಷಿತಾ ಸ್ಟೇಟಿಗೆ ಹೋಗುವ ಹುಡುಗಿ. ಅಲ್ಲಿ ಆಡಿದ್ರೆ ಎಸ್ಸೆಸ್ಸೆಲ್ಸಿಗೆ ಗ್ರೇಸ್ ಮಾರ್ಕು, ಮುಂದೆ ಕೆಲಸ. ಈ ಹುಡುಗಿಗೆ ಎಂತ ಹೋಗ್ತದೆ? ಹೇಗೂ ಆಡುವವಳಲ್ಲ." ದಾರ ಬಿಚ್ಚಿದರು. "ನಿಮ್ಮ ಅಪ್ರೂವಲಿನ ಫೈಲು ಭಾವನ ಹತ್ರವೇ ಉಂಟಲ್ಲ? ನಿನ್ನೆ ಕೇಳ್ತಾ ಇದ್ರು, ಟೀಚರ್ ಹೇಗೆ, ಹೊಂದಿಕೊಂಡು ಹೋಗ್ತಾರಾ ಅಂತ."

ಬೆದರಿಸುವುದಾದರೂ ಗಂಡಸಿನ ಹಾಗೆ ಬೆದರಿಸಬಾರದೇ? ಅದೂ ಇಲ್ಲ. ವಿಚಾರಿಸಿದ ಹಾಗೆ, ಉಪಕಾರ ಮಾಡುವ ಹಾಗೆ. ನಾನು ಸೈನ್ ಹಾಕಿದೆ.

ಕಾಲು ಉಳುಕಿದ್ದವಳೇ ಪಟ್ಟಿ ಕಟ್ಟಿಕೊಂಡು ಇಳಿದಳು, ಫೈನಲ್ ಗೆದ್ದೆವು. ಅಶ್ವಿನಿ ಬ್ಯಾಗುಗಳ ಹತ್ತಿರವೂ ಕುಳಿತುಕೊಳ್ಳುವಂತಿರಲಿಲ್ಲ, ಬಸ್ಸಿನಲ್ಲಿ ಒಬ್ಬಳೇ ಕುಳಿತಿದ್ದಳು. ಶಾಲೆಯಲ್ಲಿ ಅವಳಿಗೆ ಒಂದು ವಾರ ಸಸ್ಪೆನ್ಶನ್, ಆ ವರ್ಷದ ಎಲ್ಲ ಆಟದಿಂದ ಹೊರಗೆ. ತಾಯಿಯನ್ನು ಕರೆಸಿದರು. ಆಕೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ತನ್ನ ಹೆಬ್ಬೆರಳು ತೋರಿಸಿದರು. "ಇದು ಬೀಡಿಯ ಉಗುರು ಸರ್. ನನಗೂ ಉಂಟು, ನನ್ನ ಅಮ್ಮನಿಗೂ ಇತ್ತು. ಇದ್ರಲ್ಲಿ ಯಾರ ಮುಖವನ್ನೂ ಗೀರ್ಲಿಲ್ಲ ನಾವು." ಮಾಸ್ಟ್ರು ಚಹಾ ಕುಡಿಯುತ್ತಾ, "ಸ್ವಚ್ಛತೆ ಮನೆಯಿಂದ ಶುರು ಆಗ್ಬೇಕಮ್ಮ" ಎಂದರು. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ, ತಲೆ ಎತ್ತಲಿಲ್ಲ.

ಜಿಲ್ಲಾ ಮಟ್ಟದಲ್ಲಿ ನಾವು ಮೊದಲ ಪಂದ್ಯದಲ್ಲೇ ಸೋತು ಬಂದೆವು ಎಂಬುದನ್ನೂ ಇಲ್ಲಿ ಸಂತೋಷದಿಂದ ಸೇರಿಸುತ್ತೇನೆ. ರಕ್ಷಿತಾ ಮಾತ್ರ ಪ್ಲಸ್ ಟೂನಲ್ಲಿ ಸ್ಟೇಟಿಗೆ ಆಡಿ, ಸ್ಪೋರ್ಟ್ಸ್ ಕೋಟಾದಲ್ಲಿ ಪೊಲೀಸ್ ಆದಳು. ಅಶ್ವಿನಿ ಆಮೇಲೆ ಅಂಕಣಕ್ಕೆ ಕಾಲಿಡಲಿಲ್ಲ. ನನ್ನ ಅಪ್ರೂವಲ್ ಮರುವರ್ಷ ಬಂತು. ಮಾಸ್ಟ್ರು ಸಿಹಿ ಹಂಚಿದರು, ನನ್ನದೇ ಖರ್ಚಿನಲ್ಲಿ.

ಕಳೆದ ವಾರ ಶಾಲೆಯಲ್ಲಿ ಸಂತಾಪ ಸಭೆ ಇತ್ತು. ರಕ್ಷಿತಾ ಯೂನಿಫಾರ್ಮಿನಲ್ಲೇ ಬಂದು, ಸರ್ ನನಗೆ ಶಿಸ್ತು ಕಲಿಸಿದರು ಎಂದು ಅತ್ತಳು. ಮಾಸ್ಟ್ರು ಅವಳಿಗೆ ಕಲಿಸದ ಒಂದೇ ವಿಷಯ ಶಿಸ್ತು, ಅದನ್ನು ಅವಳು ಎಲ್ಲಿ ಕಲಿತಳೋ ನನಗೆ ಗೊತ್ತಿಲ್ಲ. ಹೆಡ್ಮಾಸ್ಟರು ನನ್ನನ್ನು ಎರಡು ಮಾತು ಆಡಿ ಎಂದರು. ಗಂಟಲು ಕಟ್ಟಿದೆ ಎಂದು ತಪ್ಪಿಸಿಕೊಂಡೆ. ಹೇಳುವುದನ್ನು ಹೇಳುವ ಜಾಗ ಬೇರೆ ಇದೆ ಎಂದುಕೊಂಡಿದ್ದೆ.

ಆ ಜಾಗ ಉಪ್ಪಳದ ಒಂದು ಹೊಲಿಗೆ ಅಂಗಡಿ. ಅಶ್ವಿನಿ ಈಗ ಅಲ್ಲಿ ರವಿಕೆ ಹೊಲಿಯುತ್ತಾಳೆ. ನಾಲ್ಕು ವರ್ಷದಿಂದ ನನ್ನ ರವಿಕೆಗಳೆಲ್ಲ ಅವಳಿಗೇ. ಹತ್ತಿರದಲ್ಲಿ ಬೇರೆ ಟೈಲರುಗಳಿದ್ದರೂ ಎರಡು ಬಸ್ಸು ಹತ್ತಿ ಹೋಗುತ್ತೇನೆ. ಅದರ ಬಗ್ಗೆ ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ಹಳೆಯ ವಿಷಯ ಒಂದು ದಿನವೂ ಬಂದಿರಲಿಲ್ಲ. ಸಂತಾಪ ಸಭೆಯ ನಂತರ ಅಲ್ಲಿಗೆ ಹೋದಾಗ ಮಾಸ್ಟ್ರು ತೀರಿಕೊಂಡ ಸುದ್ದಿ ಹೇಳಿ, ನಾನೇ ತೆಗೆದೆ. ಟ್ಯಾಂಕಿಯ ಹಿಂದೆ ಕಂಡದ್ದು, ಕಾಗದ ಬರೆದದ್ದು ಅವರೇ ಎಂಬುದು, ಅವರು ಎಂಥ ಮನುಷ್ಯ ಎಂಬುದು, ಎಲ್ಲವನ್ನೂ ಹೇಳಿದೆ. ಇಷ್ಟು ಹೊತ್ತು ಇಲ್ಲಿ ಬರೆದ ಹಾಗೆಯೇ ಹೇಳಿದೆ. ಅವಳೂ ನಾಲ್ಕು ಮಾತು ಬೈಯಬಹುದು, ಇಬ್ಬರೂ ಹಗುರಾಗಬಹುದು ಎಂದು ನನ್ನ ಲೆಕ್ಕ.

ಅವಳು ಮಿಷನ್ನಿನ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಸರ್ ಹಾಗೇ ಅಂತ ನಮಗೆಲ್ಲ ಗೊತ್ತಿತ್ತು ಟೀಚರ್" ಎಂದಳು. "ಅವರ ಹತ್ರ ನಾನು ಎಂತದೂ ನಿರೀಕ್ಷೆ ಮಾಡಿರ್ಲಿಲ್ಲ. ನಾನು ನೋಡಿದ್ದು ನಿಮ್ಮನ್ನು. ನೀವು ನನ್ನ ಎದುರಿಗೇ ಕೂತಿದ್ರಿ ಅಲ್ವಾ."

ಸಿಟ್ಟಿನಿಂದ ಹೇಳಲಿಲ್ಲ. ದಾರ ಪೋಣಿಸಿ ಆಗಿತ್ತು. ರವಿಕೆ ಗುರುವಾರಕ್ಕೆ ಆಗುತ್ತದೆ, ಇಷ್ಟು ದೂರ ನೀವೇ ಬರುವುದು ಬೇಡ, ಯಾರ ಹತ್ತಿರವಾದರೂ ಕಳಿಸುತ್ತೇನೆ ಎಂದಳು.